ಹಳದಿ ಟೇಪಿನ ಮಾವ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಅವು ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತವೆ, ಬಸ್ಸು ತಪ್ಪಿಹೋಗುತ್ತದೆ ಎಂದು ಓಡುವವರ ಹಾಗೆ. ಪದಗಳೂ ನನಗೆ ಹೆಚ್ಚು ಗೊತ್ತಿಲ್ಲ. ಶಾಲೆಯನ್ನು ನಡುವೆಯೇ ಬಿಟ್ಟವಳು. ನಮ್ಮ ಬೀದಿಯ ಗ್ರಂಥಾಲಯದವರು ಬೀದಿಯ ಜನರ ಬಗ್ಗೆ ಒಂದು ಪುಸ್ತಕ ತರುತ್ತಾರಂತೆ. ಒಬ್ಬರ ಬಗ್ಗೆ ನೀನೂ ಬರೆ ಎಂದು ಅಲ್ಲಿಯ ಮೇಡಂ ಹೇಳಿದಾಗ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಹೂಂ ಅನ್ನಲೂ ಬರಲಿಲ್ಲ. ಸುಮ್ಮನೆ ನಿಂತೆ. ಅವರು ಅದನ್ನೇ ಒಪ್ಪಿಗೆ ಅಂದುಕೊಂಡರು.

ನಾನು ನನ್ನ ಮಾವನ ಬಗ್ಗೆ ಬರೆಯುತ್ತೇನೆ. ಅಮ್ಮನ ತಮ್ಮ. ಹಳೆಯ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವನನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನಿಲ್ಲ. ನಾನು ದಿನವೆಲ್ಲ ಅವನ ಅಂಗಡಿಯಲ್ಲೇ ಇರುತ್ತೇನೆ, ಅವನು ಕೂತಲ್ಲಿಂದ ಏಳುವ ಪೈಕಿ ಅಲ್ಲ, ಹಾಗಾಗಿ ನೋಡಿಕೊಂಡು ಬರೆಯಲು ಸುಲಭ. ಬರವಣಿಗೆಯಲ್ಲಿ ಗೌರವ ಇರಲಿ ಎಂದು ಮೊದಲು "ಮಾವನವರು ಬಂದರು, ಮಾವನವರು ಹೇಳಿದರು" ಎಂದು ಒಂದು ಪುಟ ಬರೆದೆ. ಓದಿ ನೋಡಿದರೆ ಅದು ಯಾರೋ ಬೇರೆಯವರು. ಒಗೆದ ಅಂಗಿ ಹಾಕಿಕೊಂಡ ಯಾರೋ ಒಬ್ಬರು. ಅಳಿಸಿಬಿಟ್ಟೆ. ಮನೆಯಲ್ಲಿ ಕರೆಯುವಂತೆಯೇ ಬರೆಯುತ್ತೇನೆ.

ಮಾವನ ಅಂಗಡಿ ಲಾಂಡ್ರಿಯ ಪಕ್ಕ, ಮಹಡಿ ಮೆಟ್ಟಿಲ ಕೆಳಗಿದೆ. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ಒಳಗೆ ಹೋಗುತ್ತಾ ಹೋಗುತ್ತಾ ತಲೆ ಬಗ್ಗಿಸಬೇಕು, ಕೊನೆಯಲ್ಲಿ ಮಾವನ ಮೇಜು. "ನನ್ನ ಹತ್ರ ಬರೋರೆಲ್ಲ ತಲೆ ಬಗ್ಗಿಸೇ ಬರ್ತಾರೆ," ಎಂದು ಅವನು ಜಂಬ ಕೊಚ್ಚುತ್ತಾನೆ. ಬೆಸುಗೆ ಹಾಕಿದ ಹೊಗೆಯ ವಾಸನೆ, ಲಾಂಡ್ರಿಯ ಸೋಪಿನ ವಾಸನೆ ಎರಡೂ ಸೇರಿ ಅಲ್ಲಿ ಮೂರನೆಯದೊಂದು ವಾಸನೆ ಇದೆ. ಅದಕ್ಕೆ ನನಗೆ ಪದ ಗೊತ್ತಿಲ್ಲ. ಅಮ್ಮನಿಗೆ ಗೊತ್ತಿದೆ, ಆದರೆ ಅದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ.

ಊರಿನವರ ಯಂತ್ರಗಳನ್ನು ರಿಪೇರಿ ಮಾಡುವ ಮಾವ ತನ್ನದೇ ಆದ ಯಾವುದನ್ನೂ ರಿಪೇರಿ ಮಾಡುವುದಿಲ್ಲ. ಬಿಸಾಡುವುದೂ ಇಲ್ಲ. ಅವನ ಹತ್ತಿರ ಒಂದು ಹಳದಿ ಟೇಪಿನ ಉರುಳೆ ಇದೆ. ಏನಾದರೂ ಕೆಟ್ಟರೆ ಅದರ ಮೇಲೊಂದು ಪಟ್ಟಿ ಅಂಟಿಸುತ್ತಾನೆ. ಅಂದರೆ, ಇದನ್ನು ಮುಟ್ಟಬೇಡಿ, ಬಳಸಿಕೊಂಡು ಹೋಗಿ. ಶಾಕ್ ಹೊಡೆಯುವ ಸ್ವಿಚ್ಚಿಗೆ ಹಳದಿ ಟೇಪು. ಮನೆಯ ಮೆಟ್ಟಿಲಿನಲ್ಲಿ ಕಲ್ಲು ಅಲ್ಲಾಡುವ ಒಂದು ಮೆಟ್ಟಿಲಿಗೆ ಹಳದಿ ಟೇಪು. ನಾವೆಲ್ಲ ಅದನ್ನು ದಾಟಿ ದಾಟಿ, ಈಗ ಬೇರೆಯವರ ಮನೆಯಲ್ಲೂ ಒಂದು ಮೆಟ್ಟಿಲು ಹಾರುತ್ತೇವೆ. ಎಷ್ಟೇ ಸೆಕೆ ಇದ್ದರೂ ಮಾವ ತಲೆಯ ಮೇಲಿನ ಟೋಪಿ ತೆಗೆಯುವುದಿಲ್ಲ. ಟೋಪಿಯ ಕೆಳಗೆ ಏನಿದೆ, ಏನಿಲ್ಲ ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಲ್ಲಿಗೂ ಕಾಣದ ಒಂದು ಟೇಪು ಇದೆ ಎನ್ನಬಹುದು.

"ಕೆಟ್ಟಿದ್ದನ್ನ ಸರಿ ಮಾಡೋಕೆ ಒಂದು ಗಂಟೆ ಬೇಕು, ಟೇಪ್ ಹಚ್ಚೋಕೆ ಒಂದು ಕ್ಷಣ," ಎನ್ನುತ್ತಾನೆ ಮಾವ.

"ಮೊದಲು ನಿನ್ನ ಬಾಯಿಗೆ ಹಚ್ಕೋ," ಎನ್ನುತ್ತಾಳೆ ಅಮ್ಮ.

ನಾನು ಶಾಲೆ ಬಿಟ್ಟಾಗ ಮನೆಗೆ ಬಂದವರೆಲ್ಲ ಯಾಕೆ, ಏನಾಯ್ತು, ಯಾರು ಏನಂದ್ರು ಎಂದು ಕೇಳಿದರು. ಕೆಲವರು ಬಿಸ್ಕತ್ತು ತಿನ್ನುತ್ತಾ ಕೇಳಿದರು. ಮಾವ ಒಬ್ಬನೇ ಕೇಳಲಿಲ್ಲ. "ಪುಟ್ಟಿ, ಅಂಗಡಿಗೆ ಬಾ. ಸ್ಕ್ರೂ ಬೇರೆ ಬೇರೆ ಡಬ್ಬಿಗೆ ಹಾಕೋರಿಲ್ಲ," ಎಂದ. ಹೋದೆ. ಇವತ್ತಿಗೂ ಅವನು ಕೇಳಿಲ್ಲ. ಇಲ್ಲಿಯೂ ಅದನ್ನು ಬರೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಅಂಗಡಿಯಲ್ಲಿ ಬಂದವರಿಗೆಂದು ಎರಡು ಮರದ ಕುರ್ಚಿಗಳಿವೆ. ಯಾವುದೋ ಹೋಟೆಲು ಮುಚ್ಚಿದಾಗ ತಂದವು, ಎರಡೂ ಒಂದೇ ಅಚ್ಚಿನವು, ಬಣ್ಣವೂ ಒಂದೇ. ಅವುಗಳಲ್ಲಿ ಒಂದಕ್ಕೆ ಹಿಂದಿನ ಕಾಲು ಸಡಿಲ. ನೋಡಲು ಸಾಧುವಾಗಿ ಕಾಣುತ್ತದೆ, ಕೂತರೆ ಕೆಡವುತ್ತದೆ. ಮಾವ ಮೊದಲು ಅದರ ಸೀಟಿನ ಮೇಲೇ ಟೇಪು ಅಂಟಿಸಿದ್ದ. ಇಸ್ತ್ರಿ ಪ್ಯಾಂಟಿನವರೊಬ್ಬರು ನೋಡದೆ ಕೂತು, ಬೀಳಲಿಲ್ಲ, ಆದರೆ ಎದ್ದಾಗ ಟೇಪೂ ಅವರ ಜೊತೆಗೆ ಎದ್ದಿತು. ಹಿಂಭಾಗದಲ್ಲಿ ಹಳದಿ ಪಟ್ಟಿ ಹೊತ್ತುಕೊಂಡು ಇಡೀ ಬೀದಿ ನಡೆದು, ಮನೆಯಿಂದ ವಾಪಸ್ಸು ಬಂದು ಬೈದರು. ಆವತ್ತಿನಿಂದ ಮಾವ ಟೇಪನ್ನು ಕುರ್ಚಿಗೆ ಹಚ್ಚುವುದಿಲ್ಲ. ಕುರ್ಚಿ ಇರುವ ಜಾಗದ ಸುತ್ತ ನೆಲದ ಮೇಲೆ ಒಂದು ಚೌಕ ಹಚ್ಚಿದ. ಚೌಕದೊಳಗಿನ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಅಮ್ಮನ ಕೆಲಸದ ಬಗ್ಗೆ ಹೇಳಬೇಕು.

ಅಮ್ಮ ಸ್ವೆಟರ್ ಹೆಣೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ತಗಡಿನ ಮಾಡಿನ ಉದ್ದ ಕೋಣೆ. ಗಾಳಿಯಲ್ಲಿ ಯಾವಾಗಲೂ ಉಣ್ಣೆಯ ಎಳೆಗಳು ಹಾರಾಡುತ್ತವೆ. ಸಂಜೆ ಮನೆಗೆ ಬಂದಾಗ ಅಮ್ಮನ ಹುಬ್ಬು ಒಂದೊಂದು ದಿನ ಒಂದೊಂದು ಬಣ್ಣದಲ್ಲಿರುತ್ತದೆ. ಅಲ್ಲಿ ಹೊಸ ಯಂತ್ರಗಳು ಹಲವು ಇವೆ, ಒಂದು ಹಳೆಯದಿದೆ. ಹಳೆಯದಕ್ಕೆ ಅಮ್ಮ ಇಟ್ಟ ಹೆಸರು ಮುದುಕಿ. ಮುದುಕಿಯ ಪಕ್ಕದಲ್ಲಿ ಅದರಷ್ಟೇ ವಯಸ್ಸಾದ ಒಂದು ಕಂಪ್ಯೂಟರ್. ಅಮ್ಮ ತೆರೆಯ ಮೇಲೆ ಕುಣಿಕೆ ಕುಣಿಕೆಯಾಗಿ ಚಿತ್ರ ಬರೆಯುತ್ತಾಳೆ, ಕಂಪ್ಯೂಟರ್ ಅದನ್ನು ಮುದುಕಿಗೆ ಹೇಳುತ್ತದೆ, ಮುದುಕಿ ಹೆಣೆಯುತ್ತದೆ. ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿದೆ. ಎರಡರ ನಡುವೆ ಮಾತು ಸಾಗಿಸುವ ಕಾರ್ಡು ಹೊಸ ಕಂಪ್ಯೂಟರ್‌ಗಳಿಗೆ ಹೊಂದುವುದಿಲ್ಲ. ಹಾಗಾಗಿ ಮುದುಕಿ ಬದುಕಬೇಕಾದರೆ ಆ ಕಂಪ್ಯೂಟರೇ ಬದುಕಬೇಕು. ಮುದುಕಿಯ ಮುಂದೆ ನಿಂತಾಗ ಅಮ್ಮ ಏನೋ ಗುನುಗುತ್ತಾಳೆ. ಮನೆಯಲ್ಲಿ ಯಾವತ್ತೂ ಗುನುಗಿದ್ದಿಲ್ಲ.

ಕೆಲವು ವಾರಗಳಿಂದ ಸ್ವೆಟರ್‌ಗಳಲ್ಲಿ ಬೇಡದ ಬಣ್ಣದ ಕುಣಿಕೆಗಳು ಬರತೊಡಗಿದವು. ಬಿಳಿಯ ನಡುವೆ ಕೆಂಪು. ಒಂದು ದಿನ ತೋಳಿನಲ್ಲಿ, ಮರುದಿನ ಕತ್ತಿನಲ್ಲಿ. ಅಮ್ಮ ಸೂಜಿ ಬದಲಾಯಿಸಿದಳು, ದಾರ ಬದಲಾಯಿಸಿದಳು, ಮುದುಕಿಗೆ ಎಣ್ಣೆ ಹಾಕಿದಳು, ಒದ್ದಳು. ಏನೂ ಆಗಲಿಲ್ಲ. ಕಾರ್ಖಾನೆಯ ಓನರಮ್ಮ ಒಂದು ದಿನ ಬಂದು ಹೇಳಿದರು, "ನೋಡಮ್ಮ, ಈಜು ಕಲಿಸೋ ಶಾಲೆಯವರ ಸ್ವೆಟರ್ ಇದೆ, ಎದೆ ಮೇಲೆ ಬಾತುಕೋಳಿ. ಅದರಲ್ಲೂ ಹೀಗೆ ಚುಕ್ಕಿ ಬಂತೋ, ಈ ಮುದುಕಿ ಗುಜರಿಗೆ. ನೀನು ಗುಂಡಿ ಮೇಜಿಗೆ."

ಗುಂಡಿ ಮೇಜು ಅಂದರೆ ಸ್ವೆಟರ್‌ಗೆ ಗುಂಡಿ ಹಚ್ಚುವ ಜಾಗ. ಅಲ್ಲಿ ಗುಂಡಿಯಮ್ಮ ಎಂಬವರು ಮುಖ್ಯಸ್ಥೆ. ಅವರಿಗೊಬ್ಬ ಅಳಿಯನಿದ್ದಾನೆ. ಆ ಅಳಿಯನ ಗುಣಗಾನ ಬೆಳಿಗ್ಗೆ ಶುರುವಾದರೆ ಸಂಜೆ ದೀಪ ಆರಿಸುವವರೆಗೂ ನಿಲ್ಲುವುದಿಲ್ಲ. ಆದರೆ ಅಮ್ಮ ಹೆದರಿದ್ದು ಅಳಿಯನಿಗಲ್ಲ. ಗುಂಡಿಗಳಲ್ಲಿ ಚಿತ್ರ ಬರೆಯಲು ಆಗುವುದಿಲ್ಲ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಹುಬ್ಬಿನ ಮೇಲೆ ಒಂದು ಬಿಳಿ ಎಳೆ ಇತ್ತು, ಅವಳು ಒರೆಸಿಕೊಳ್ಳಲೂ ಇಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಆ ನಿನ್ನ ಮಾವನ್ನ ಕರಿ," ಎಂದಳು.

ಇದು ಸಣ್ಣ ಮಾತಲ್ಲ. ಹಿಂದೊಮ್ಮೆ ಮಾವ ಅಮ್ಮನ ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡಿಕೊಟ್ಟಿದ್ದ. ಅದು ಆಮೇಲೆ ಒಂದೇ ಕಡೆ ಕಾಯುತ್ತಿತ್ತು: ಹಿಡಿಯಲ್ಲಿ.

ಮರುದಿನ ಮಾವ ಟೋಪಿ ಸರಿಮಾಡಿಕೊಂಡು ಕಾರ್ಖಾನೆಗೆ ಬಂದ. ಹಿಂದೆ ಸ್ಕ್ರೂ ಡಬ್ಬಿ ಹಿಡಿದುಕೊಂಡು ನಾನು. ಮೆಮೊರಿ ಪರೀಕ್ಷೆ ಮಾಡುವ ಒಂದು ಪ್ರೋಗ್ರಾಮ್ ಹಾಕಿ, ಅಮ್ಮನ ಬುತ್ತಿಯಲ್ಲಿ ಅರ್ಧ ತಿಂದ. ತಿಂದು ಮುಗಿಯುವಷ್ಟರಲ್ಲಿ ತೆರೆಯ ಮೇಲೆ ಕೆಂಪು ಸಾಲುಗಳು ಬಂದಿದ್ದವು.

"ಹುಳುಕು ಹಲ್ಲು," ಎಂದ ಮಾವ ಬೆರಳು ನೆಕ್ಕುತ್ತಾ. "ಎರಡು ರ್‍ಯಾಮ್ ಪಟ್ಟಿ ಇದಾವೆ, ಮೆಮೊರಿ ಅಂದ್ರೆ ಅವೇ. ಒಂದು ಗಟ್ಟಿ. ಇನ್ನೊಂದರಲ್ಲಿ ಒಂದು ಸಣ್ಣ ಜಾಗ ಕೆಟ್ಟಿದೆ. ಅಲ್ಲಿ ಬಿಳಿ ಅಂತ ಬರೆದಿಟ್ರೆ ಕೆಂಪು ಅಂತ ವಾಪಸ್ ಹೇಳುತ್ತೆ."

"ಕಿತ್ತು ಬೇರೆ ಹಾಕು," ಎಂದಳು ಅಮ್ಮ.

"ಈ ನಮೂನೇದು ಈಗ ಎಲ್ಲೂ ಸಿಗಲ್ಲ ಅಕ್ಕ. ಎಲ್ಲಾ ಕಡೆ ಹುಡುಕಿದೀನಿ."

"ನೀನು ಕುರ್ಚಿ ಬಿಟ್ಟು ಎದ್ದಿದ್ದೇ ನಾನು ಕಂಡಿಲ್ಲ. ಎಲ್ಲೋ ಹುಡುಕಿದೆ?"

"ಫೋನಲ್ಲಿ."

"ಹಾಗಾದ್ರೆ ಗಟ್ಟಿ ಇರೋದೊಂದರಲ್ಲೇ ನಡೆಸು."

"ಸಾಲಲ್ಲ. ನಿನ್ನ ಡಿಸೈನ್ ಪ್ರೋಗ್ರಾಮು ಹೊಟ್ಟೆಬಾಕ. ಆ ಕೆಟ್ಟ ಜಾಗ ಒಂದನ್ನ ಬಿಟ್ಟು ಉಳಿದದ್ದೆಲ್ಲ ಬಳಸೋ ಹಾಗೆ ಮಾಡ್ತೀನಿ."

ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರೆ ಇದಕ್ಕೂ ಹಳದಿ ಟೇಪು."

"ಹೂಂ. ಆದ್ರೆ ಹಚ್ಚೋದು ಕರ್ನಲ್‌ನ ಕೈಲಿ."

ಕರ್ನಲ್ ಅಂದರೆ ಏನು ಎಂದು ಮಾವ ಅಮ್ಮನಿಗೆ ಹೇಳಿದ್ದನ್ನು ನಾನೂ ಬರೆಯುತ್ತೇನೆ. ತಪ್ಪಾಗಬಾರದೆಂದು ಈ ಭಾಗವನ್ನು ಅವನಿಗೆ ಎರಡು ಸಲ ಓದಿ ಹೇಳಿದ್ದೇನೆ. ಎರಡನೆಯ ಸಲ ಅವನು ನಿದ್ದೆ ಹೋದ.

ಕಾರ್ಖಾನೆಯಲ್ಲಿ ದಾರ ಇಡುವ ಒಂದು ದೊಡ್ಡ ಕಪಾಟು ಇದೆ, ತುಂಬ ಗೂಡುಗಳು, ಪ್ರತಿ ಗೂಡಿಗೂ ನಂಬರು. ಅದನ್ನು ಸ್ಟೋರಿನಕ್ಕ ನೋಡಿಕೊಳ್ಳುತ್ತಾರೆ. ಯಾರಿಗೆ ಜಾಗ ಬೇಕೋ ಅವರು ಸ್ಟೋರಿನಕ್ಕನನ್ನು ಕೇಳಬೇಕು, ತಾವೇ ಹೋಗಿ ಇಡುವಂತಿಲ್ಲ. ಕಂಪ್ಯೂಟರ್‌ನ ಮೆಮೊರಿ ಆ ಕಪಾಟು, ಉಳಿದ ಪ್ರೋಗ್ರಾಮುಗಳನ್ನೆಲ್ಲ ನೋಡಿಕೊಳ್ಳುವ ಕರ್ನಲ್ ಎಂಬ ಪ್ರೋಗ್ರಾಮು ಸ್ಟೋರಿನಕ್ಕ. ಬೆಳಿಗ್ಗೆ ಬೇರೆ ಯಾರೂ ಬರುವ ಮೊದಲೇ ಓನರಮ್ಮ ಬಂದು ಸ್ಟೋರಿನಕ್ಕನಿಗೆ ಹೇಳಿಬಿಡುತ್ತಾರೆ: ಈ ನಂಬರಿನಿಂದ ಈ ನಂಬರಿನವರೆಗೆ ನನ್ನ ಸಾಮಾನು, ಮುಟ್ಟಬೇಡ, ಉಳಿದದ್ದು ನಿನ್ನದು. ಕಂಪ್ಯೂಟರ್‌ನಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಬಯೋಸ್. ಅದು ಓನರಮ್ಮನ ಹಾಗೆ ಕರ್ನಲ್‌ಗೆ ಇದನ್ನೇ ಹೇಳುತ್ತದೆ. ಕರ್ನಲ್ ಆ ಗೂಡುಗಳನ್ನು "ಕಾಯ್ದಿರಿಸಿದೆ" ಎಂದು ಗುರುತು ಮಾಡಿಕೊಂಡು, ಆಮೇಲೆ ಯಾರು ಎಷ್ಟು ಗೋಗರೆದರೂ ಅವನ್ನು ಕೊಡುವುದಿಲ್ಲ. ಮೊದಲೇ ಹೇಳಬೇಕು, ಅದೇ ಮುಖ್ಯ. ಕೆಲಸ ಶುರುವಾಗಿ ಯಾರೋ ಸಾಮಾನು ಇಟ್ಟಾದ ಮೇಲೆ ಎಬ್ಬಿಸುವುದು ಕಷ್ಟ.

ಬಯೋಸ್ ಹೇಳಿದ್ದು ಸಾಲದಿದ್ದರೆ ನಾವೂ ಕಂಪ್ಯೂಟರ್ ಏಳುವ ಹೊತ್ತಿಗೆ ಒಂದು ಸಾಲು ಹೇಳಬಹುದು: ಇಲ್ಲಿಂದ ಇಲ್ಲಿಗೆ ಇದನ್ನೂ ಬಿಡು. ಮುದುಕಿಯ ಕಂಪ್ಯೂಟರ್‌ನಲ್ಲಿ ಅಂಥ ಒಂದು ಸಾಲು ಮೊದಲೇ ಇತ್ತು. ಮುದುಕಿಗೆ ಮಾತು ಸಾಗಿಸುವ ಆ ಕಾರ್ಡಿಗೆ ಚೂರುಚೂರು ಗೂಡು ಆಗುವುದಿಲ್ಲ, ಅಕ್ಕಪಕ್ಕದಲ್ಲಿ ಒಂದೇ ಉದ್ದಕ್ಕೆ ಜಾಗ ಬೇಕು. ಅದಕ್ಕೇ ಅದನ್ನು ಮಾಡಿದವರು ಆ ಉದ್ದದ ಜಾಗವನ್ನು ಕಾಯ್ದಿರಿಸಿದ್ದರು. ಈಗ ಮಾವ ಹುಳುಕು ಜಾಗಕ್ಕೂ ಒಂದು ಸಾಲು ಸೇರಿಸಿದ.

"ಕರ್ನಲ್ ಯಾಕೆ ಅಂತ ಕೇಳಲ್ವಾ?" ಎಂದಳು ಅಮ್ಮ.

"ಕೇಳಲ್ಲ. ಕಾರ್ಡಿನದು ಬೆಲೆಬಾಳೋ ಜಾಗ, ಇದು ಕೊಳೆತ ಜಾಗ. ಕರ್ನಲ್‌ಗೆ ಎರಡೂ ಒಂದೇ. ಬಿಡು ಅಂದ್ರೆ ಬಿಟ್ಟಿತು. ನಿನ್ನ ಹಾಗೆ ವಂಶವೃಕ್ಷ ಕೇಳ್ತಾ ಕೂರಲ್ಲ."

ಅಮ್ಮ ಬಾತುಕೋಳಿಯನ್ನು ಹೆಣೆದು ನೋಡಿದಳು. ಹಳದಿ ಬಾತುಕೋಳಿ, ಕಿತ್ತಳೆ ಕೊಕ್ಕು, ಒಂದು ಕಣ್ಣು, ಎಲ್ಲ ಇರಬೇಕಾದಲ್ಲೇ ಇದ್ದವು. ಮತ್ತೆ ಹೆಣೆದಳು. ಮತ್ತೆ ಸರಿ. ಅಮ್ಮ ಸ್ವೆಟರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಪರವಾಗಿಲ್ಲ," ಎಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಾವನಿಗೆ ಅದು ತಲೆಗೇರಿತು, ಟೋಪಿಯ ಕೆಳಗೆ.

ತಲೆಗೇರಿದ್ದೇ ಎಡವಟ್ಟಾಯಿತು. ಎರಡು ದಿನ ಬಿಟ್ಟು ಓನರಮ್ಮ ನೋಡಲು ಬರುತ್ತಾರೆ ಎಂದು ಅಮ್ಮ ಹೇಳಿದ್ದಳು. ಯಾರೂ ಕರೆಯದಿದ್ದರೂ ಮಾವ ಹೋಗಿ ಅಲ್ಲಿ ನಿಂತ. ಓನರಮ್ಮ ಬಂದ ಕೂಡಲೇ ಕಂಪ್ಯೂಟರ್ ಆರಿಸಿ, ಮುಚ್ಚಳ ಬಿಚ್ಚಿ, "ನಮ್ಮ ಕೆಲಸ ಅಂದ್ರೆ ಹೀಗೆ ಮೇಡಂ, ಒಳಗೂ ಹೊರಗೂ," ಎನ್ನುತ್ತಾ ಬ್ರಷ್ಷಿನಿಂದ ಧೂಳು ಹೊಡೆದ. ರ್‍ಯಾಮ್ ಪಟ್ಟಿ ಎರಡನ್ನೂ ಹೊರಗೆ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಅವುಗಳ ಹೊಳೆಯುವ ಹಲ್ಲುಗಳನ್ನು ಉಜ್ಜಿದ. ಈ ಕಸುಬಿನವರೆಲ್ಲ ಹಾಗೇ ಉಜ್ಜುತ್ತಾರೆ. ಮಾವ ಮಾತ್ರ ಮದುವೆ ಹೆಣ್ಣಿಗೆ ಮುಖ ತೊಳೆಸಿದ ಹಾಗೆ ಉಜ್ಜಿದ. ಓನರಮ್ಮ ಸೀನಿದರು. ಮಾವ ಪಟ್ಟಿಗಳನ್ನು ಒಳಗೆ ಒತ್ತಿ, ಮುಚ್ಚಳ ಹಾಕಿ, ನನ್ನ ಕೈಯಿಂದ ಸ್ಕ್ರೂ ತೆಗೆದುಕೊಂಡು ಬಿಗಿದ.

"ಈಗ ಹೆಣೀರಿ ಅಕ್ಕ," ಎಂದ. ಓನರಮ್ಮನ ಎದುರಿಗೆ ಅಮ್ಮನಿಗೂ "ರಿ" ಸೇರಿಸಿದ.

ಮುದುಕಿ ಟಕಟಕ ಎಂದು ಹೆಣೆಯಿತು. ಈಜು ಮಾಸ್ತರರ ಅಳತೆಯ ದೊಡ್ಡ ಸ್ವೆಟರ್. ಅದು ಕೆಳಗಿಳಿಯುತ್ತಾ ಇಳಿಯುತ್ತಾ ಬಾತುಕೋಳಿಯ ಕಾಲು ಕಂಡಿತು, ಹೊಟ್ಟೆ ಕಂಡಿತು, ಕೊಕ್ಕು ಕಂಡಿತು. ಕೊಕ್ಕಿನ ಮೇಲೆ ಅಡ್ಡಕ್ಕೆ, ಎರಡೂ ಕಡೆ ಸ್ವಲ್ಪ ಮೇಲೆದ್ದು, ಒಂದು ದಪ್ಪ ಕೆಂಪು ಮೀಸೆ ಕಂಡಿತು.

ಗುಂಡಿ ಮೇಜಿನ ಕಡೆಯಿಂದ ಗುಂಡಿಯಮ್ಮನ ಧ್ವನಿ ಕೇಳಿತು: "ನಮ್ಮ ಅಳಿಯಂದೂ ಹೀಗೇ ಇದೆ!"

ಓನರಮ್ಮ ಸ್ವೆಟರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮತ್ತೆ ಇಟ್ಟರು. "ಸಂಜೆ ಗುಜರಿಯವನು ಬರ್ತಾನೆ. ನಾನು ಹೇಳೇ ಹೇಳಿದ್ದೆ," ಎಂದರು. ಸಿಟ್ಟಿನಿಂದಲ್ಲ, ದಣಿದವರ ಹಾಗೆ. ಅವರು ಹೋದ ಮೇಲೆ ಅಮ್ಮ ಮಾವನ ಕಡೆ ತಿರುಗಿದಳು.

"ಚೆನ್ನಾಗಿ ಓಡ್ತಿತ್ತು. ಯಾಕೋ ಬಿಚ್ಚಿದೆ?"

"ಬರೀ ಧೂಳು ಹೊಡೆದೆ ಅಕ್ಕ..."

"ನಿನ್ನ ಕೇಳಿದ್ನಾ? ನಿನ್ನ ಕೇಳಿದ್ನಾ ಅಂತ! ಹೋಗು. ಮೊದಲು ಇಲ್ಲಿಂದ ಹೋಗು."

ಮಾವ ಹೊರಟ. ಸಾಮಾನಿನ ಚೀಲವನ್ನೂ ಮರೆತು ಹೊರಟ. ನಾನು ಸ್ಕ್ರೂ ಡಬ್ಬಿ ಹಿಡಿದುಕೊಂಡು ಹಿಂದೆ ನಡೆದೆ. ತಿರುಗಿ ನೋಡಿದರೆ ಅಮ್ಮ ಮುದುಕಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಜ್ವರ ನೋಡುವವರ ಹಾಗೆ.

ಮಾವನಿಗೆ ದುಃಖವಾದರೆ ಗುಡಿಸುತ್ತಾನೆ. ಬೇರೆ ದಿನ ಅವನು ಪೊರಕೆ ಮುಟ್ಟಿದ್ದನ್ನು ನಾನು ನೋಡಿಲ್ಲ. ಆವತ್ತು ಎರಡು ಕುರ್ಚಿಗಳನ್ನೂ ಎತ್ತಿ ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು, ಮೂಲೆಮೂಲೆ ಗುಡಿಸಿದ. "ಹುಳುಕು ಬೇರೆ ಕಡೆಗೂ ಹಬ್ಬಿರಬೇಕು ಪುಟ್ಟಿ," ಎಂದು ಪೊರಕೆಯೊಂದಿಗೆ ಮಾತಾಡಿದ. "ಹಬ್ಬಿದ್ರೆ ಮುಗೀತು. ಎಲ್ಲೆಲ್ಲಿ ಅಂತ ಟೇಪ್ ಹಚ್ಚಲಿ?" ಎರಡು ದಿನದಲ್ಲಿ ಹಬ್ಬುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನ ಮಾತುಗಳು ಸಾಮಾನ್ಯವಾಗಿ ಗಂಟಲವರೆಗೆ ಬಂದು, ಹೊರಗೆ ಜನ ಇದ್ದಾರೆಂದು ನೋಡಿ ವಾಪಸ್ಸು ಹೋಗುತ್ತವೆ. ಮಾವ ಕುರ್ಚಿಗಳನ್ನು ಕೆಳಗಿಳಿಸಿ, ಒಂದನ್ನು ಚೌಕದೊಳಗೆ, ಒಂದನ್ನು ಹೊರಗೆ ಇಟ್ಟ.

ಅಷ್ಟರಲ್ಲಿ ಅಮ್ಮ ಬಂದಳು. ಒಂದು ಕೈಯಲ್ಲಿ ಮಾವನ ಚೀಲ, ಇನ್ನೊಂದರಲ್ಲಿ ಮೀಸೆಯ ಸ್ವೆಟರ್.

"ತಗೋ ನಿನ್ನ ಸಾಮಾನು. ಈ ಸ್ವೆಟರೂ ನೀನೇ ಇಟ್ಕೋ. ನಾಳೆಯಿಂದ ನಾನು ಗುಂಡಿ ಹಚ್ಚೋಕೆ ಹೋಗ್ತೀನಿ." ಅಮ್ಮನ ಧ್ವನಿ ಎಂದಿನಂತಿರಲಿಲ್ಲ, ಬೈಗುಳವೇ ಇರಲಿಲ್ಲ ಅದರಲ್ಲಿ. ಮಾವ ಹೆದರಿದ.

"ಕೂತ್ಕೋ ಅಕ್ಕ. ನೀರು ಕುಡಿ."

ಅಮ್ಮ ಎಷ್ಟೇ ದುಃಖದಲ್ಲಿದ್ದರೂ ಚೌಕ ನೋಡದೆ ಕೂರುವವಳಲ್ಲ. ನೆಲ ನೋಡಿ, ಚೌಕದ ಹೊರಗಿನ ಕುರ್ಚಿಯನ್ನು ಎಳೆದುಕೊಂಡು, ಉಸ್ಸೆಂದು ಕೂತಳು. ಕುರ್ಚಿ ಹಿಂದಕ್ಕೆ ಕುಸಿಯಿತು. ಅಮ್ಮ ಲಾಂಡ್ರಿಯ ಕಡೆಯ ಗೋಡೆಗೆ ಒರಗಿ, ಕಾಲು ಮೇಲೆ ಮಾಡಿ, ಮೀಸೆಯ ಬಾತುಕೋಳಿಯನ್ನು ಮುಖದ ಮೇಲೆ ಹೊದ್ದುಕೊಂಡು ಬಿದ್ದಳು.

"ಅಯ್ಯಯ್ಯೋ! ಚೌಕದೊಳಗಿನದ್ರಲ್ಲಿ ಕೂರಬಾರದು ಅಂತ ಗೊತ್ತಿಲ್ವಾ ಅಕ್ಕ!"

"ನಾನು ಕೂತಿದ್ದು ಹೊರಗಿನದ್ರಲ್ಲಿ ಕಣೋ ಮುಠ್ಠಾಳ!" ಎಂದಿತು ಬಾತುಕೋಳಿಯ ಕೆಳಗಿಂದ ಅಮ್ಮನ ಧ್ವನಿ. ಎಂದಿನ ಧ್ವನಿ ಮರಳಿ ಬಂದಿತ್ತು.

"ಹೊರಗಿನದು ಗಟ್ಟಿ!"

"ಗಟ್ಟಿ ಆಗಿದ್ರೆ ನಾನ್ಯಾಕೋ ನಿನ್ನ ಸೂರು ನೋಡ್ತಾ ಮಲಗಿದೀನಿ?"

ಇಬ್ಬರೂ ಕುರ್ಚಿಯನ್ನು ನೋಡಿದರು, ಚೌಕವನ್ನು ನೋಡಿದರು. ಚೌಕದೊಳಗೆ ಗಟ್ಟಿ ಕುರ್ಚಿ, ಯಾರೂ ಕೂರದಂತೆ, ಭದ್ರವಾಗಿ ನಿಂತಿತ್ತು. ಮಾವ ಇಳಿಸುವಾಗ ಅದಲು ಬದಲು ಮಾಡಿದ್ದ. ಟೇಪು ತನ್ನ ಜಾಗವನ್ನು ನಿಷ್ಠೆಯಿಂದ ಕಾಯುತ್ತಿತ್ತು. ಕೆಟ್ಟ ಕುರ್ಚಿ ಬೇರೆ ಜಾಗಕ್ಕೆ ಹೋಗಿದ್ದು ಟೇಪಿಗೆ ಹೇಗೆ ಗೊತ್ತಾಗಬೇಕು?

ಆಗ ನನ್ನ ಮಾತು ಹೊರಗೆ ಬಂತು. ನಾನು ತಡೆಯುವ ಮೊದಲೇ ಬಂತು.

"ಮಾವ, ರಬ್ಬರ್‌ನಲ್ಲಿ ಉಜ್ಜಿದ್ಯಲ್ಲ... ಆ ಪಟ್ಟಿಗಳನ್ನೂ ಹೀಗೇ ಇಟ್ಯಾ?"

ಮಾವ ಪೊರಕೆ ಕೆಳಗೆ ಬಿಟ್ಟ.

ಅವನು ಕರ್ನಲ್‌ಗೆ ಹೇಳಿದ್ದು ಗೂಡಿನ ನಂಬರು. ಪಟ್ಟಿಗಳನ್ನು ಸಿಕ್ಕಿಸಲು ಕಂಪ್ಯೂಟರ್ ಒಳಗೆ ಎರಡು ಕಿಂಡಿಗಳಿವೆ. ಮೊದಲ ಕಿಂಡಿಯಲ್ಲಿ ಕೂತ ಪಟ್ಟಿಗೆ ಮೊದಲ ನಂಬರುಗಳು, ಎರಡನೆಯ ಕಿಂಡಿಯದಕ್ಕೆ ಮುಂದಿನ ನಂಬರುಗಳು. ಹುಳುಕು ಪಟ್ಟಿ ಎರಡನೆಯದರಲ್ಲಿತ್ತು, ಮಾವ ಹೇಳಿದ್ದು ಅಲ್ಲಿಯ ನಂಬರು. ಈಗ ಹುಳುಕು ಪಟ್ಟಿ ಮೊದಲನೆಯದಕ್ಕೆ ಬಂದು ಕೂತಿದ್ದರೆ ಹುಳುಕಿನ ನಂಬರೇ ಬದಲು. ಕರ್ನಲ್ ಪಾಪ, ಗಟ್ಟಿ ಪಟ್ಟಿಯ ಒಂದು ಒಳ್ಳೆಯ ಜಾಗಕ್ಕೆ ಕಾವಲು ನಿಂತು, ಹುಳುಕನ್ನು ಬಾತುಕೋಳಿಗೆ ಬಾಡಿಗೆಗೆ ಕೊಟ್ಟಿತ್ತು.

ಮೂವರೂ ಓಡಿದೆವು. ಮಾವ ಓಡಿದ್ದನ್ನು ನಮ್ಮ ಬೀದಿ ಮೊದಲ ಸಲ ನೋಡಿತು; ಲಾಂಡ್ರಿಯವರು ಬೆಂಕಿ ಬಿತ್ತೇನೋ ಎಂದು ಬಕೆಟ್ ಹಿಡಿದು ಹೊರಗೆ ಬಂದರು. ಕಾರ್ಖಾನೆಯಲ್ಲಿ ಗುಜರಿಯವನು ಆಗಲೇ ಬಂದು ಮುದುಕಿಯನ್ನು ಒಂದು ಕಡೆಯಿಂದ ಎತ್ತಿ ಭಾರ ನೋಡುತ್ತಿದ್ದ.

"ಬಿಡೋ ಅವಳನ್ನ!" ಎಂದಳು ಅಮ್ಮ. ಅವನು ಬಿಟ್ಟುಬಿಟ್ಟ. ಯಾವುದೋ ಹೆಂಗಸನ್ನು ಹಿಡಿದುಕೊಂಡ ಹಾಗೆ ನಾಚಿಕೊಂಡ.

"ಮತ್ತೇನಮ್ಮ?" ಎಂದರು ಓನರಮ್ಮ.

"ಒಂದೇ ಒಂದು ಸಲ ಮೇಡಂ. ಇದೂ ಕೆಟ್ರೆ ನಾನೇ ಹಿಂದಿನಿಂದ ನೂಕಿ ಗಾಡಿ ಹತ್ತಿಸ್ತೀನಿ."

ಮಾವ ಮುಚ್ಚಳ ಬಿಚ್ಚಿದ. ಈ ಸಲ ಬ್ರಷ್ಷಿಲ್ಲ, ಭಾಷಣವಿಲ್ಲ. ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟ. ಪಟ್ಟಿಗಳನ್ನು ನಾನೇ ತೆಗೆದು ಅದಲು ಬದಲು ಮಾಡಿದೆ. ಒತ್ತಿದಾಗ ಎರಡೂ ತುದಿ ಟಕ್ಕೆಂದವು. ಕಂಪ್ಯೂಟರ್ ಎದ್ದಿತು. ಬಯೋಸ್ ಹೇಳಬೇಕಾದ್ದು ಹೇಳಿತು, ಮಾವನ ಸಾಲೂ ಹೇಳಿತು, ಕರ್ನಲ್ ಯಾಕೆ ಎಂದು ಕೇಳಲಿಲ್ಲ. ಅಮ್ಮ ಗುಂಡಿ ಒತ್ತಿದಳು.

ಕಾಲು ಬಂತು. ಹೊಟ್ಟೆ ಬಂತು. ಕೊಕ್ಕು ಬರುವಾಗ ಮಾವ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಟೋಪಿಯ ಕೆಳಗೆ ಏನಿತ್ತು ಎಂದು ಎಲ್ಲರೂ ನೋಡಿದೆವು. ನಾನು ಬರೆಯುವುದಿಲ್ಲ. ಕೊಕ್ಕಿನ ಮೇಲೆ ಬರೀ ಹಳದಿ. ಕಣ್ಣು ಒಂದೇ. ಮೀಸೆಯಿಲ್ಲ.

ಓನರಮ್ಮ ಇನ್ನೊಂದು ಹೆಣೆಸಿದರು. ಮತ್ತೊಂದು ಹೆಣೆಸಿದರು. ಆಮೇಲೆ ಗುಜರಿಯವನಿಗೆ, "ಹೋಗಪ್ಪಾ, ಹಿಂದುಗಡೆ ಹಳೇ ಫ್ಯಾನ್ ಇದೆ, ಅದನ್ನ ತಗೊಂಡು ಹೋಗು," ಎಂದರು. ಅಮ್ಮನಿಗೆ ಏನೂ ಹೇಳಲಿಲ್ಲ, ಸ್ಟೋರಿನಕ್ಕನಿಗೆ ಮಾತ್ರ ಹೇಳಿದರು: "ಇವಳಿಗೆ ಹಳದಿ ದಾರ ಬೇಕಾದಷ್ಟು ಕೊಡು." ಅಮ್ಮ ಗುನುಗಲು ಶುರು ಮಾಡಿದಳು.

ಮರುದಿನ ಮಾವ ಅಮ್ಮನ ಉಗುರು ಬಣ್ಣ ಕದ್ದು ಒಯ್ದು, ಹುಳುಕು ಪಟ್ಟಿಯ ಮೇಲೆ ಒಂದು ಚುಕ್ಕಿ, ಅದರ ಕಿಂಡಿಯ ಪಕ್ಕ ಒಂದು ಚುಕ್ಕಿ ಇಟ್ಟ. "ಜಾಗಕ್ಕೂ ಗುರುತು, ವಸ್ತುವಿಗೂ ಗುರುತು," ಎಂದ, ತಾನೇ ಕಂಡುಹಿಡಿದವನ ಹಾಗೆ. ಮೀಸೆಯ ಬಾತುಕೋಳಿ ಸ್ವೆಟರನ್ನು ಈಗ ಅವನೇ ಹಾಕಿಕೊಳ್ಳುತ್ತಾನೆ. ಅಂಗಡಿಗೆ ಬಂದವರು ತಲೆ ಬಗ್ಗಿಸಿ ಒಳಗೆ ಬಂದು, ತಲೆ ಎತ್ತಿದ ಕೂಡಲೇ ಅದನ್ನು ನೋಡಿ, ತಮ್ಮ ಕಂಪ್ಯೂಟರಿಗೆ ಏನಾಗಿದೆ ಎಂಬುದನ್ನೇ ಮರೆತುಬಿಡುತ್ತಾರೆ.

ಆವತ್ತು ಮನೆಗೆ ನಡೆದು ಬರುವಾಗ ಅಮ್ಮ ನನಗೆ, "ನಿನಗೂ ಬಾಯಿದೆ ಅಲ್ವೇನೇ," ಎಂದಿದ್ದಳು, ಅಷ್ಟೇ. ಆದರೆ ನನಗೆ ಒಂದು ವಿಷಯ ಕೊರೆಯುತ್ತಿತ್ತು. ಕೆಲವು ದಿನ ಬಿಟ್ಟು ಅಂಗಡಿಯಲ್ಲಿ ಯಾರೂ ಇಲ್ಲದಾಗ ಮಾವನನ್ನು ಕೇಳಿದೆ.

"ಮಾವ, ಶಾಲೆ ವಿಷಯ ನೀನು ಯಾವತ್ತೂ ಕೇಳಲಿಲ್ಲ. ನನಗೂ ಟೇಪ್ ಹಚ್ಚಿದೀಯಾ?"

"ಹೂಂ."

"ಯಾವ ನಮೂನೇದು? ಕಾರ್ಡಿನ ಜಾಗದ್ದಾ, ಹುಳುಕು ಜಾಗದ್ದಾ?"

ಮಾವ ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿ ಇಟ್ಟ. ಬಾತುಕೋಳಿಯ ಮೀಸೆ ಸ್ವಲ್ಪ ಅಲ್ಲಾಡಿತು. "ಟೇಪ್ ಹಚ್ಚೋದಷ್ಟೇ ನನ್ನ ಕೆಲಸ ಪುಟ್ಟಿ. ಒಳಗೆ ಏನಿದೆ ಅಂತ ಗೊತ್ತಿರೋಳು ನೀನು. ನಿಧಾನಕ್ಕೆ ನೋಡ್ಕೋ. ಅಲ್ಲೀವರೆಗೂ ಯಾರೂ ಬಂದು ಸಾಮಾನು ಇಡದ ಹಾಗೆ ನಾನು ನೋಡ್ಕೋತೀನಿ." ಆಮೇಲೆ, "ಆ ಸಣ್ಣ ಸ್ಕ್ರೂ ಕೊಡು," ಎಂದ.

ಕೊಟ್ಟೆ. ನಾನು ನೋಡುತ್ತಿದ್ದೇನೆ. ಇನ್ನೂ ಮುಗಿದಿಲ್ಲ.

ಇಷ್ಟೇ ಮಾವನ ಬಗ್ಗೆ ನನಗೆ ಬರೆಯಲು ಬಂದದ್ದು. ಕೆಟ್ಟ ಕುರ್ಚಿ ಈಗ ಮತ್ತೆ ಚೌಕದೊಳಗೇ ಇದೆ. ಮಾವ ಅದನ್ನು ಮುಟ್ಟುವುದಿಲ್ಲ. ನಾಳೆ ಬೆಳಿಗ್ಗೆ ಈ ಹಾಳೆಗಳನ್ನು ಗ್ರಂಥಾಲಯದ ಮೇಡಂ ಕೈಗೆ ಕೊಟ್ಟು, ಬರುವ ದಾರಿಯಲ್ಲಿ ಮರದ ಅಂಟು ತಂದು, ಮಾವ ಬರುವ ಮೊದಲು ಆ ಕುರ್ಚಿಯ ಕಾಲನ್ನು ಅಂಟಿಸುತ್ತೇನೆ.